ಚಿತ್ರದ ಕೆಳಗಿನ ಹೆಸರು

ಆಗಸ್ಟ್ 19 ಬಂದು ಹೋಯಿತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರನ ವಿಧಾನವನ್ನು ಲೋಕದ ಮುಂದೆ ಬಿಚ್ಚಿಟ್ಟ ದಿನ ಅದು. ಆ ನೆಪದಲ್ಲಿ ಪತ್ರಿಕೆಯೊಂದು ಛಾಯಾಗ್ರಹಣ ಮತ್ತು ತತ್ತ್ವಶಾಸ್ತ್ರದ ಮೇಲೆ ವಿಶೇಷ ಪುರವಣಿ ತಂದಿದೆ. ಮುಖಪುಟದಲ್ಲಿ ಬೂದಿ ಬಳಿದ ಸಾಧು, ಚಿಲುಮೆಯ ಹೊಗೆ, ಕೆಳಗೆ ನೀತ್ಸೆಯದೆಂದು ಒಂದು ಸಾಲು. ಒಳಗೂ ಅದೇ ಕಥೆ. ಸುಕ್ಕುಗಟ್ಟಿದ ಮುಖದ ಅಜ್ಜನಿಗೆ ಹೈಡೆಗರ್, ಮಂಜಿನಲ್ಲಿ ಹೋಗುವ ಎತ್ತಿನಗಾಡಿಗೆ ಕಾಂಟ್. ಹನ್ನೆರಡು ಪುಟ ತಿರುವಿದೆ. ಒಂದು ಚಿತ್ರದ ಕೆಳಗೂ ತೆಗೆದವರ ಹೆಸರಿಲ್ಲ. ಸಿಟ್ಟು ಬಂದಿದೆ. ಅದು ಆರುವವರೆಗೆ ಕಾಯುವುದು ಬೇಡವೆಂದು ಈಗಲೇ ಬರೆಯುತ್ತಿದ್ದೇನೆ.

ದಾರ್ಶನಿಕರಿಂದ ಛಾಯಾಗ್ರಾಹಕ ಏನು ಪಡೆಯಬಹುದು ಎಂದು ಕೇಳುವವರಿಗೆ ನಾನು ಒಂದೇ ಒಂದು ಚಿತ್ರ ತೋರಿಸುತ್ತೇನೆ. ಅದನ್ನು ನೀವೆಲ್ಲ ನೋಡಿದ್ದೀರಿ. ರಮಣ ಮಹರ್ಷಿಗಳ ಎದೆಮಟ್ಟದ ಭಾವಚಿತ್ರ: ಬೆಳ್ಳಿಗೂದಲು, ಕುರುಚಲು ಗಡ್ಡ, ನೇರವಾಗಿ ನಮ್ಮನ್ನೇ ನೋಡುವ ಕಣ್ಣು, ತುಟಿಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ನಗು. ಕ್ಯಾಲೆಂಡರಿನಲ್ಲಿ, ದೇವರ ಕೋಣೆಯಲ್ಲಿ, ಪುಸ್ತಕಗಳ ರಕ್ಷಾಪುಟದಲ್ಲಿ, ಕಾರಿನ ಕನ್ನಡಿಯ ಪಕ್ಕದಲ್ಲಿ ಆ ಮುಖ ಇದೆ. ಅದನ್ನು ತೆಗೆದವರು ಬೆಂಗಳೂರಿನ ಛಾಯಾಗ್ರಾಹಕ ಜಿ.ಜಿ. ವೆಲ್ಲಿಂಗ್, 1946ರಲ್ಲಿ. ತಿರುವಣ್ಣಾಮಲೈಗೆ ನಡೆದುಕೊಳ್ಳುವ ಭಕ್ತರು ಇಂದಿಗೂ ಅದನ್ನು ‘ವೆಲ್ಲಿಂಗ್ ಬಸ್ಟ್’ ಎಂದೇ ಕರೆಯುತ್ತಾರೆ. ಹೆಸರನ್ನು ಕಾಪಾಡಿಕೊಂಡವರು ಭಕ್ತರು. ನಾವು, ಅಂದರೆ ಕಲೆಯ ಬಗ್ಗೆ ಬರೆಯುವವರು, ಅದನ್ನು ಕೈಬಿಟ್ಟೆವು. ಬೆಂಗಳೂರಿನಲ್ಲಿ ಛಾಯಾಗ್ರಹಣದ ಮೇಲೆ ನಡೆದ ಎಷ್ಟೋ ವಿಚಾರಗೋಷ್ಠಿಗಳಲ್ಲಿ ಕೂತಿದ್ದೇನೆ. ರೋಲಾಂ ಬಾರ್ತ್, ಸೂಸನ್ ಸೊಂಟಾಗ್, ವಾಲ್ಟರ್ ಬೆಂಜಮಿನ್ ಹೆಸರುಗಳು ಗಂಟೆಗೆ ಹತ್ತು ಸಲ ಬಂದವು. ವೆಲ್ಲಿಂಗ್ ಹೆಸರು ಒಮ್ಮೆಯೂ ಬರಲಿಲ್ಲ.

ಆ ಚಿತ್ರ ತೆಗೆಯುವುದು ಎಷ್ಟು ಕಷ್ಟ ಎಂದು ಯೋಚಿಸಿ. ಎದುರಿಗೆ ಕೂತವರು ‘ನಾನು ಯಾರು’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಐವತ್ತು ವರ್ಷ ಕಳೆದವರು. ಈ ದೇಹ ನಾನಲ್ಲ ಎನ್ನುವವರು. ಕ್ಯಾಮೆರಾಕ್ಕೆ ಸಿಗುವುದು ದೇಹ ಮಾತ್ರ: ಚರ್ಮ, ಕೂದಲು, ಅದರ ಮೇಲೆ ಬಿದ್ದ ಬೆಳಕು. ಹಾಗಿದ್ದರೆ ತೆಗೆಯುತ್ತಿರುವುದು ಯಾರ ಚಿತ್ರ? ಈ ತೊಡಕನ್ನು ಲೆನ್ಸಿನ ಹಿಂದೆ ನಿಂತು ಎದುರಿಸಬೇಕು, ಆಮೇಲೆ ಉಲ್ಲೇಖ ಹಚ್ಚಿ ಬಿಡಿಸಲಾಗದು. ವೆಲ್ಲಿಂಗ್ ಅದನ್ನು ಹೇಗೆ ಎದುರಿಸಿದರು ಎಂಬುದಕ್ಕೆ ಚಿತ್ರವೇ ಸಾಕ್ಷಿ. ಹೊಗೆಯಿಲ್ಲ, ಬೆಟ್ಟವಿಲ್ಲ, ಶಿಷ್ಯರಿಲ್ಲ, ಹುಲಿಚರ್ಮವಿಲ್ಲ. ಋಷಿ ಎಂದು ಸೂಚಿಸುವ ಸಾಮಗ್ರಿಯನ್ನೆಲ್ಲ ಚೌಕಟ್ಟಿನ ಹೊರಗಿಟ್ಟು ಮುಖವೊಂದನ್ನೇ ಉಳಿಸಿಕೊಂಡಿದ್ದಾರೆ. ಇದಲ್ಲ, ಇದಲ್ಲ ಎಂದು ಕಳೆಯುತ್ತ ಹೋಗುವ ಉಪನಿಷತ್ತಿನ ಕ್ರಮ ಅಲ್ಲಿ ಕೆಲಸ ಮಾಡಿದೆ ಎಂದು ನಾನು ನಂಬುತ್ತೇನೆ. ಅವರು ಅದನ್ನು ಓದಿದ್ದರೋ ಇಲ್ಲವೋ ಎಂಬುದು ನನಗೆ ಮುಖ್ಯವಲ್ಲ.

ನಾಲ್ಕು ವರ್ಷಗಳ ನಂತರ, 1950ರ ಏಪ್ರಿಲ್‌ನಲ್ಲಿ, ತಿರುವಣ್ಣಾಮಲೈಯ ಆಶ್ರಮಕ್ಕೆ ಆನ್ರಿ ಕಾರ್ತಿಯೆ-ಬ್ರೆಸ್ಸೋಂ ಬಂದರು. ತೋಳಿನ ಅರ್ಬುದ ರೋಗದಿಂದ ಕೃಶರಾಗಿದ್ದ ರಮಣರ ಕೊನೆಯ ದಿನಗಳನ್ನು ಚಿತ್ರಿಸಿದರು. ಏಪ್ರಿಲ್ 14ರ ರಾತ್ರಿ 8.47ಕ್ಕೆ ರಮಣರು ತೀರಿಕೊಂಡರು. ಅದೇ ಹೊತ್ತಿಗೆ ಆಕಾಶದಲ್ಲಿ ಉಜ್ವಲವಾದ ಉಲ್ಕೆಯೊಂದು ಸರಿದುಹೋದದ್ದನ್ನು ಕಂಡೆನೆಂದು ಈ ಫ್ರೆಂಚ್ ಛಾಯಾಗ್ರಾಹಕ ಹೇಳಿಕೊಂಡಿದ್ದಾರೆ. ಕಣ್ಣಿಗೆ ಬಿದ್ದದ್ದನ್ನು ಬಿಡದೆ ಹಿಡಿಯುವುದರಲ್ಲಿ ಲೋಕಪ್ರಸಿದ್ಧನಾದ ಮನುಷ್ಯ ಆ ಉಲ್ಕೆಯನ್ನು ನಮಗೆ ಚಿತ್ರವಾಗಿ ಕೊಡಲಿಲ್ಲ, ಮಾತಾಗಿ ಕೊಟ್ಟ. ಅದೇ ತಿಂಗಳು ಪಾಂಡಿಚೇರಿಯಲ್ಲಿ, ದಶಕಗಳಿಂದ ಕ್ಯಾಮೆರಾದ ಎದುರು ಕೂರದಿದ್ದ ಶ್ರೀ ಅರವಿಂದರ ಚಿತ್ರಗಳನ್ನೂ ತೆಗೆದರು. ಡಿಸೆಂಬರ್ 5ಕ್ಕೆ ಅರವಿಂದರೂ ಇಲ್ಲವಾದರು. ಮುಂದೆ, ಚಿತ್ರಕಾರ ಬ್ರಾಕ್ ತಮ್ಮ ಕೈಗಿತ್ತ ಪುಸ್ತಕವೊಂದನ್ನು, ಝೆನ್ ಮತ್ತು ಬಿಲ್ವಿದ್ಯೆಯ ಬಗ್ಗೆ ಓಯ್ಗೆನ್ ಹೆರಿಗೆಲ್ ಬರೆದದ್ದನ್ನು, ಕಾರ್ತಿಯೆ-ಬ್ರೆಸ್ಸೋಂ ತಮ್ಮ ಕೆಲಸದ ಕೈಪಿಡಿಯಂತೆ ಕಂಡರು. ದಾರ್ಶನಿಕನೊಬ್ಬ ಛಾಯಾಗ್ರಾಹಕನಿಗೆ ಸ್ಫೂರ್ತಿ ಕೊಟ್ಟ ಎಂದರೆ ಹೀಗೆ. ಅದು ಉಸಿರಿಗೆ, ಬೆರಳಿಗೆ ಇಳಿದಿರಬೇಕು.

ಇಲ್ಲಿ ನನ್ನ ಹಳೆಯ ತಕರಾರೊಂದನ್ನು ಮತ್ತೆ ಎತ್ತುತ್ತೇನೆ. ‘ನಿರ್ಣಾಯಕ ಕ್ಷಣ’ ಎಂಬ ಮಾತನ್ನು ನಮ್ಮ ವಿಮರ್ಶಕರು ಮಂತ್ರದಂತೆ ಜಪಿಸುತ್ತಾರೆ, ಅದರ ಮೇಲೆ ಬೌದ್ಧರ ಕ್ಷಣಿಕವಾದವನ್ನೂ ಕಟ್ಟುತ್ತಾರೆ. ಆ ಮಾತು ಕಾರ್ತಿಯೆ-ಬ್ರೆಸ್ಸೋಂ ಅವರ 1952ರ ಪುಸ್ತಕದ ಇಂಗ್ಲಿಷ್ ಹೆಸರು. ಅದಕ್ಕೆ ಲೇಖಕ ಫ್ರೆಂಚಿನಲ್ಲಿ ಇಟ್ಟ ಹೆಸರೇ ಬೇರೆ: ‘ಇಮಾಜ್ ಆ ಲಾ ಸೊವೆತ್’. ಪರವಾನಗಿ ಇಲ್ಲದೆ ಫುಟ್‌ಪಾತಿನಲ್ಲಿ ಸಾಮಾನು ಹರಡಿ, ಪೊಲೀಸರ ಸುಳಿವು ಸಿಕ್ಕೊಡನೆ ಗಂಟು ಕಟ್ಟಿ ಓಡುವವನ ಅವಸರ ಆ ಮಾತಿನಲ್ಲಿದೆ. ‘ನಿರ್ಣಾಯಕ ಕ್ಷಣ’ ಅಮೆರಿಕದ ಪ್ರಕಾಶಕ ಆರಿಸಿದ್ದು, ಪುಸ್ತಕದ ಮೊದಲಲ್ಲಿದ್ದ ಕಾರ್ಡಿನಲ್ ದ ರೆಟ್ಸ್‌ನ ಉಕ್ತಿಯಿಂದ ಎತ್ತಿಕೊಂಡದ್ದು. ಎರಡು ಹೆಸರುಗಳಿಂದ ಎರಡು ತತ್ತ್ವಗಳು ಹುಟ್ಟುತ್ತವೆ. ಒಂದರಲ್ಲಿ ಕಾಲವನ್ನು ಗೆದ್ದವನ ಠೀವಿ, ಇನ್ನೊಂದರಲ್ಲಿ ಕದ್ದು ಓಡುವವನ ಎದೆಬಡಿತ. ನಾವು ಠೀವಿಯನ್ನೇ ಆರಿಸಿಕೊಂಡೆವು, ಯಾಕೆಂದರೆ ಇಂಗ್ಲಿಷಿನಲ್ಲಿ ಅದೇ ಬಂದಿತ್ತು.

ಬಾರ್ತ್‌ನ ಮೇಲೆ ನನಗೆ ಸಿಟ್ಟಿಲ್ಲ. 1980ರ ‘ಲಾ ಶಾಂಬ್ರ್ ಕ್ಲೇರ್’ ತೀರಿಹೋದ ತಾಯಿಗಾಗಿ ಅತ್ತ ಪುಸ್ತಕ. ಐದು ವರ್ಷದ ಹುಡುಗಿಯಾಗಿ ತಾಯಿ ಗಾಜಿನ ತೋಟದಲ್ಲಿ ನಿಂತಿರುವ ಚಿತ್ರವನ್ನು ಪುಟಗಟ್ಟಲೆ ಬಣ್ಣಿಸಿ, ಕೊನೆಗೂ ಅದನ್ನು ಅಚ್ಚು ಹಾಕದೆ ತನ್ನಲ್ಲೇ ಇಟ್ಟುಕೊಂಡ. ಅದನ್ನು ಓದಿ ಕಣ್ಣು ಒದ್ದೆಯಾಗದವರು ನನಗೆ ಸಿಕ್ಕಿಲ್ಲ. ಆದರೆ ಫೋಟೋ ತನ್ನ ವಸ್ತುವನ್ನು ಬಿಟ್ಟು ನಿಲ್ಲಲಾರದು ಎಂದು ಅವನು ವಾದಿಸುವಾಗ, ಉಡುಪಿಯ ಮಠದಲ್ಲಿ ನಾಲ್ಕು ದಿನ ಪಾಠ ಕೇಳಿದವನಿಗೂ ಬಿಂಬ-ಪ್ರತಿಬಿಂಬದ ಜಗಳ ನೆನಪಾಗಬೇಕು. ಪ್ರತಿಬಿಂಬ ಬಿಂಬವೇ, ಬೇರೆಯಲ್ಲ ಎಂದರು ವಿವರಣ ಪ್ರಸ್ಥಾನದ ಅದ್ವೈತಿಗಳು. ಮಧ್ವರ ಪ್ರಕಾರ ಪ್ರತಿಬಿಂಬ ಬೇರೆಯೇ, ಆದರೆ ಬಿಂಬವನ್ನು ಹೋಲುತ್ತದೆ, ಅದಕ್ಕೇ ಅಧೀನವಾಗಿರುತ್ತದೆ. ಅವರು ಮಾತಾಡಿದ್ದು ಜೀವ-ಬ್ರಹ್ಮಗಳ ಬಗ್ಗೆ ಎಂಬುದು ಗೊತ್ತಿದೆ. ಆದರೂ ಗೋಡೆಯ ಮೇಲಿನ ಅಪ್ಪನ ಫೋಟೋಗೆ ಹಾರ ಹಾಕುವಾಗ ನಾವು ಈ ಎರಡರ ನಡುವೆಯೇ ತೂಗುತ್ತಿರುತ್ತೇವೆ. ನನ್ನನ್ನು ಕೇಳಿದರೆ ಬಾರ್ತ್ ಕೂರುವುದು ಮಧ್ವರ ಪಕ್ಕದಲ್ಲಿ. ರಮಣರಂತೂ ಮೂರನೆಯ ದಾರಿ ಹಿಡಿದಿದ್ದರು. ಸಿನಿಮಾದ ಪರದೆಯ ಉಪಮೆ ಅವರದು: ಬೆಂಕಿಯ ದೃಶ್ಯಕ್ಕೆ ಪರದೆ ಸುಡದು, ಪ್ರವಾಹಕ್ಕೆ ನೆನೆಯದು. ಚಿತ್ರವನ್ನು ಬಿಟ್ಟು ಪರದೆಯನ್ನು ನೋಡು ಎಂದವರ ಚಿತ್ರವನ್ನೇ ವೆಲ್ಲಿಂಗ್ ತೆಗೆಯಬೇಕಾಗಿತ್ತು.

ಇದನ್ನೆಲ್ಲ ಕನ್ನಡದಲ್ಲಿ ಯೋಚಿಸಬಹುದು. ನೆರಳಿಗೆ ಛಾಯೆ ಎಂದು, ಮುಖದ ಚಿತ್ರಕ್ಕೆ ಭಾವಚಿತ್ರ ಎಂದು ಹೆಸರಿಟ್ಟುಕೊಂಡ ಭಾಷೆ ಇದು. ನೀತ್ಸೆಯ ಸಾಲನ್ನು ಚಿಲುಮೆಯ ಹೊಗೆಗೆ ಅಂಟಿಸಿ ಕೂರುವ ಬಡತನ ಇದಕ್ಕೆ ಬಂದಿಲ್ಲ.

ಈ ಸಂಚಿಕೆಯ ವಿಷಯ ದರ್ಶನ ಮತ್ತು ಛಾಯಾಗ್ರಹಣ. ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರಿದೆ. ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ನೆರವು ಬೇಕು. ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನು ಹೊರತೆಗೆದು ತಿರುಗಿಸಿ ನೋಡಿ. ಬೆನ್ನ ಮೇಲೆ ಸ್ಟುಡಿಯೋದ ಮುದ್ರೆ ಇದ್ದರೆ ಆ ಹೆಸರು, ಊರು, ವರ್ಷ ಬರೆದು ಕಳಿಸಿ. ಅಕ್ಷರ ಮಾಸಿದ್ದರೂ ಸರಿ, ಓದಲು ಸಿಕ್ಕಷ್ಟನ್ನು ಬರೆಯಿರಿ.