ಗುಜರಿಗೆ ಹೋಗಬೇಕಾದ್ದು ಬುಷ್, ಕಾರಲ್ಲ

ಹಳೇ ಕಾರು ಗುಂಡಿಗೆ ಇಳಿದಾಗ ಮುಂದಿನ ಚಕ್ರದ ಕಡೆಯಿಂದ ‘ಟಕ್ ಟಕ್’ ಸದ್ದು ಬಂದರೆ ನಮ್ಮೂರುಗಳಲ್ಲಿ ಎರಡೇ ಸಲಹೆ ಸಿಗುತ್ತವೆ. ಒಂದು, ‘ಶಾಕ್ ಅಬ್ಸಾರ್ಬರ್ ಹೋಗಿದೆ, ಜೋಡಿ ಹಾಕಿಸಿ’. ಇನ್ನೊಂದು, ‘ಗಾಡಿ ಮುಗೀತು ಕಣ್ರೀ, ಬಂದಷ್ಟಕ್ಕೆ ಕೊಟ್ಟುಬಿಡಿ’. ಎರಡೂ ಬಹಳ ಸಲ ತಪ್ಪು ಎನ್ನುವುದು ನಮ್ಮ ವಾದ. ಎಷ್ಟೋ ಸಲ ಮುಗಿದಿರುವುದು ಗಾಡಿಯಲ್ಲ, ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಬುಷ್.

ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳಿಗೆ ಲೋವರ್ ಆರ್ಮ್ ಅನ್ನುತ್ತಾರೆ. ಆ ತೋಳು ಗಾಡಿಗೆ ಸೇರುವ ಕೀಲಿನಲ್ಲಿ ಬುಷ್ ಕೂತಿರುತ್ತದೆ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಸಣ್ಣ ಕೊಳವೆ, ನಡುವೆ ರಬ್ಬರ್. ಚಕ್ರ ಮೇಲೆ ಕೆಳಗೆ ಆದಾಗ ಆ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಗುಂಡಿ, ಬಿಸಿಲು, ಧೂಳು ತಿಂದು ಕೊನೆಗೆ ಸೀಳುತ್ತದೆ. ಮಂಡಿ ಸವೆದ ಅಜ್ಜಿಯನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ?

ಇದು ಬರೀ ಸದ್ದಿನ ವಿಷಯವಲ್ಲ. ಬುಷ್ ಹರಿದರೆ ಬ್ರೇಕ್ ಹಾಕಿದಾಗ ಚಕ್ರ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸ್ಟೇರಿಂಗ್ ಹಿಡಿತ ಸಡಿಲವಾಗುತ್ತದೆ, ಟಯರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುವುದಿಲ್ಲ. ರಾತ್ರಿ ಹೊತ್ತು ಬಾಣಂತಿಯನ್ನೋ ಎದೆನೋವು ಬಂದವರನ್ನೋ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಓಡುವುದು ಇದೇ ಗಾಡಿಯಲ್ಲಿ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಹಳ್ಳಿಯ ಎಷ್ಟೋ ಮನೆಗಳಿಗೆ ಇವತ್ತಿಗೂ ಅದೇ ಆಂಬುಲೆನ್ಸ್, ಅದೇ ಮದುವೆ ಗಾಡಿ.

ನಮ್ಮ ಮೊದಲ ತಕರಾರು ಊಹೆಯ ರಿಪೇರಿಯ ಬಗ್ಗೆ. ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಾರೆಯಂಥ ಸರಳನ್ನು ಕೀಲಿನ ಪಕ್ಕ ಇಟ್ಟು ಮೀಟಿದರೆ ಬುಷ್ ಸೀಳಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಸಾವಿರಾರು ರೂಪಾಯಿಯ ಶಾಕ್ ಅಬ್ಸಾರ್ಬರ್ ಬರೆದುಕೊಡುವುದು ನಾಡಿ ಹಿಡಿಯದೆ ಔಷಧಿ ಬರೆದಂತೆ.

ಎರಡನೆಯದು, ವಾಟರ್ ವಾಶ್ ಆದ ಮೇಲೆ ಗಾಡಿಯ ತಳಕ್ಕೆ ಹೊಡೆಯುವ ಡೀಸೆಲ್ ಮತ್ತು ಸುಟ್ಟ ಆಯಿಲ್. ತುಕ್ಕು ಹಿಡಿಯಲ್ಲ ಅಂತ ದುಡ್ಡು ಕೊಟ್ಟು ಮಾಡಿಸುತ್ತೇವೆ. ಆ ಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗಿ ಬೇಗ ಹರಿಯುತ್ತದೆ. ಕಬ್ಬಿಣ ಉಳಿಸಲು ಹೋಗಿ ಕೀಲು ಕೊಲ್ಲುವ ಈ ಸೇವೆ ನಿಲ್ಲಬೇಕು.

ಮೂರನೆಯದು ಕಂಪನಿಗಳದ್ದು. ಹಲವು ಹೊಸ ಕಾರುಗಳಿಗೆ ಬುಷ್ ಬೇರೆಯಾಗಿ ಮಾರುವುದೇ ಇಲ್ಲ. ಇಡೀ ಆರ್ಮ್ ಕೊಳ್ಳಬೇಕು. ಗುಂಡಿ ಕಿತ್ತುಹೋದರೆ ಹೊಸ ಅಂಗಿ ಹೊಲಿಸಿ ಎಂದ ಹಾಗೆ. ಜಪಾನಿನ ಮಜ್ದಾ ಕಂಪನಿ 1989ರಲ್ಲಿ ಮಿಯಾಟಾ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ತಂದಿತು. ಆ ಮೊದಲ ಮಾದರಿಯ ಹಳೇ ಕಾರುಗಳನ್ನು ಮತ್ತೆ ಹೊಸದರಂತೆ ಮಾಡಿಕೊಡುವ ಯೋಜನೆಯನ್ನು 2017ರಲ್ಲಿ ಜಪಾನಿನಲ್ಲಿ ಘೋಷಿಸಿ, ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಭಾನುವಾರ ಸುತ್ತಾಡುವ ಶೋಕಿ ಕಾರಿಗೆ ಇಷ್ಟು ಮರ್ಯಾದೆ ಇರುವಾಗ, ಹಾಲಿನ ಕ್ಯಾನು ಹೊರುವ ಗಾಡಿಗೆ ಒಂದು ರಬ್ಬರ್ ತುಂಡು ಬೇರೆಯಾಗಿ ಸಿಗಬಾರದೇ?

‘ಹಳೇ ಗಾಡಿ ಅಪಾಯ, ಹೊಗೆ ಬೇರೆ, ರಸ್ತೆಯಿಂದ ತೆಗೆಯಬೇಕು’ ಎನ್ನುವವರಿದ್ದಾರೆ. ಚಾಸಿ ತುಕ್ಕು ತಿಂದ ಗಾಡಿ, ಎಷ್ಟು ರಿಪೇರಿ ಮಾಡಿದರೂ ಹೊಗೆ ಉಗುಳುವ ಗಾಡಿ ಗುಜರಿಗೆ ಹೋಗಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಗಾಡಿಯನ್ನು ಅಳೆಯಬೇಕಾದ್ದು ಸ್ಥಿತಿಯಿಂದ, ಬರೀ ವಯಸ್ಸಿನಿಂದಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅದೇ ವರ್ಷದ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿತು. ವಾಹನಗಳೂ ಕೃಷಿ ಉಪಕರಣಗಳೂ ಅದರ ಪಟ್ಟಿಯಲ್ಲಿವೆ. ಒಂದು ಕೈಯಲ್ಲಿ ಶುಲ್ಕ ಏರಿಸುವ ಸರ್ಕಾರ ಇನ್ನೊಂದು ಕೈಯಲ್ಲಿ ಬಿಡಿಭಾಗ ಸಿಗುವಂತೆ ಕಾನೂನು ಮಾಡಲಿ. ಪೋರ್ಟಲ್ ತೆರೆದರೆ ಬುಷ್ ಸಿಗುವುದಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಗ್ಯಾರೇಜಿಗೆ ಹೋದಾಗ ಈ ಐದು ಮಾತು ಹೇಳಿ:

1. ‘ಅಣ್ಣಾ, ಮೊದಲು ಬುಷ್ ಮೀಟಿ ತೋರಿಸಿ, ಆಮೇಲೆ ಶಾಕ್ ಅಬ್ಸಾರ್ಬರ್ ಮಾತು.’

2. ‘ಎರಡೂ ಕಡೆಯದು ಒಟ್ಟಿಗೆ ಹಾಕಿ.’ ಒಂದು ಕಡೆ ಹೊಸದು, ಒಂದು ಕಡೆ ಸವೆದದ್ದು ಇದ್ದರೆ ಗಾಡಿ ಎಳೆಯುವುದು ತಪ್ಪಲ್ಲ.

3. ‘ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಪ್ರೆಸ್‌ನಲ್ಲಿ ಒತ್ತಿಸಿ.’ ಹತ್ತಿರದ ಲೇತ್ ಅಂಗಡಿಯಲ್ಲಿ ಪ್ರೆಸ್ ಇದ್ದೀತು, ವಿಚಾರಿಸಿ. ಜಾರಲು ಸೋಪಿನ ನೀರು ಸಾಕು, ಆಯಿಲ್ ಬೇಡ.

4. ‘ಕೊನೆಯ ಬಿಗಿತ ಚಕ್ರ ನೆಲದ ಮೇಲೆ ನಿಂತ ಮೇಲೆ.’ ಇದು ಬಹಳ ಮುಖ್ಯ. ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಾಗೇ ಉಳಿಯುತ್ತದೆ. ಹೊಸ ಬುಷ್ ಕೂಡ ಬೇಗ ಸೀಳುತ್ತದೆ.

5. ‘ಹಳೇ ಬುಷ್ ನನ್ನ ಕೈಗೆ ಕೊಡಿ.’ ಅದು ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.

ಮನೆಯಲ್ಲೇ ಕೈಹಾಕುವ ಹುಡುಗರಿಗೆ ಒಂದು ಮಾತು: ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಸುಳಬೇಡಿ. ಜಾಕ್ ಜಾರಿದರೆ ಎರಡನೇ ಅವಕಾಶ ಇರುವುದಿಲ್ಲ.

ನಮ್ಮ ಸಿಟ್ಟು ಗ್ರೀಸ್ ಮೆತ್ತಿದ ಕೈಗಳ ಮೇಲಲ್ಲ. ರಬ್ಬರ್ ಸೀಳಿದ್ದು ಕಂಡು ‘ಇಷ್ಟೇ ಹಾಕಿದರೆ ಸಾಕು’ ಎನ್ನುವ ಮೆಕ್ಯಾನಿಕ್ ಊರಿಗೆ ದೊಡ್ಡ ಆಸ್ತಿ. ಅಂಥವರಿಗೆ ಚೌಕಾಸಿ ಮಾಡದೆ ಪೂರ್ತಿ ಕೂಲಿ ಕೊಡಿ. ಬಿಡಿಭಾಗದ ಬೆಲೆ ಕಡಿಮೆ ಅಂತ ಅವರ ಕೆಲಸವೂ ಅಗ್ಗವಲ್ಲ. ಸರಿಯಾಗಿ ನೋಡಿ ಹೇಳಿದವರಿಗೆ ಸರಿಯಾದ ಕೂಲಿ ಸಿಕ್ಕರೆ, ಸುಮ್ಮನೆ ದೊಡ್ಡ ಬಿಲ್ ಬರೆಯುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.