ಬೇಡ ಅಂದರೆ ಪಾಪವೇ? ಐಸಿಯು ಬಾಗಿಲಲ್ಲಿ ಅಪ್ಪ ಕೇಳಿದ ಪ್ರಶ್ನೆ



ರಾಯದುರ್ಗವಾಗಲಿ ಮಡಕಶಿರಾವಾಗಲಿ, ಮನೆಯ ಹಿರಿಯರಿಗೆ ಉಸಿರಾಟ ಕಷ್ಟವಾಯಿತೆಂದರೆ ನಾವು ಮಾಡುವುದು ಒಂದೇ. ಮೊದಲು 108ಕ್ಕೆ ಫೋನ್. ಆಮೇಲೆ ಬಳ್ಳಾರಿಗೋ, ಅನಂತಪುರಕ್ಕೋ, ಹಿಂದೂಪುರಕ್ಕೋ, ಅಲ್ಲೂ ಆಗದಿದ್ದರೆ ಬೆಂಗಳೂರಿಗೋ ಓಟ. ದಾರಿಯಲ್ಲಿ ಪ್ರಾರ್ಥನೆ ಮಾಡುತ್ತೇವೆ, ಸಾಲಕ್ಕೆ ಫೋನೂ ಮಾಡುತ್ತೇವೆ. ‘ನಿನಗೇನು ಬೇಕು’ ಎಂದು ಆ ಹಿರಿಯರನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಎಂಬತ್ತು ದಾಟಿದ ಅಜ್ಜಿಗೆ ಮೊದಲೇ ಹೃದಯ ದುರ್ಬಲವಾಗಿತ್ತು, ಆಮೇಲೆ ಕಿಡ್ನಿಯೂ ಕೈಕೊಟ್ಟಿತು. ವೆಂಟಿಲೇಟರ್ ಹಾಕಿದರು. ಪೈಪ್ ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಬಾಯಲ್ಲಿ ಪೈಪ್ ಇದ್ದುದರಿಂದ ಪರಮಪ್ರಸಾದವನ್ನೂ ಕೊಡಲಾಗಲಿಲ್ಲ. ಡಾಕ್ಟರು ತೆಲುಗಿನಲ್ಲಿ ಹೇಳಿದರು, ಫಾರ್ಮ್ ಇಂಗ್ಲಿಷಿನಲ್ಲಿತ್ತು. ಅಪ್ಪ ನನ್ನ ಕಡೆ ತಿರುಗಿ, “ನೀನು ಬಿಎಸ್ಸಿ ಓದಿದವಳು, ಹೇಳಮ್ಮ. ಸಾಕು, ಬೇಡ ಅಂದ್ರೆ ನಮಗೆ ಪಾಪ ಆಗಲ್ವಾ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂಬತ್ತನೇ ದಿನ ದುಡ್ಡು ಮುಗಿಯಿತು. ಅಪ್ಪ ಸಹಿ ಹಾಕಿ ಮನೆಗೆ ಕರೆತಂದರು. ಅದೇ ರಾತ್ರಿ ಅಜ್ಜಿ ತೀರಿಕೊಂಡರು. ದುಡ್ಡಿಲ್ಲದೆ ಅವ್ವನನ್ನು ಸಾಯಿಸಿದೆ ಎಂಬ ನೋವು ಅಪ್ಪನಿಗೆ ಇಂದಿಗೂ ಇದೆ.

ಆಮೇಲೆ ನಾನು ಹುಡುಕಿ ಓದಿದೆ. ಉತ್ತರ ನಮ್ಮ ಧರ್ಮಸಭೆಯಲ್ಲೇ ಇತ್ತು. 1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೇ ಪಿಯುಸ್ ಅರಿವಳಿಕೆ ತಜ್ಞರೊಂದಿಗೆ ಮಾತನಾಡುತ್ತಾ, ಸಾಧಾರಣ ಚಿಕಿತ್ಸೆ ಕೊಡುವುದು ಕರ್ತವ್ಯ, ಅತಿಯಾದ ಹೊರೆ ತರುವ ಚಿಕಿತ್ಸೆ ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದ್ದರು. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ಇನ್ನೂ ಮುಂದೆ ಹೋಗಿ, ಕುಟುಂಬದ ಮೇಲೆ ಮಿತಿಮೀರಿದ ಖರ್ಚು ಹೊರಿಸಬಾರದೆಂಬ ರೋಗಿಯ ಆಸೆಯೂ ಚಿಕಿತ್ಸೆ ನಿರಾಕರಿಸಲು ನ್ಯಾಯವಾದ ಕಾರಣವೇ, ಅದು ಆತ್ಮಹತ್ಯೆಯಲ್ಲ ಎಂದಿತು. ಕಥೋಲಿಕ ಧರ್ಮೋಪದೇಶ ಗ್ರಂಥದ 2278ನೇ ಅಂಶವೂ ಇದನ್ನೇ ಹೇಳುತ್ತದೆ: ಇಲ್ಲಿ ನಾವು ಸಾವನ್ನು ಬಯಸುವುದಿಲ್ಲ, ಅದನ್ನು ತಡೆಯಲಾಗದು ಎಂದು ಒಪ್ಪಿಕೊಳ್ಳುತ್ತೇವೆ. ಸಂತ ಎರಡನೇ ಜಾನ್ ಪಾಲ್ 2005ರಲ್ಲಿ ಕೊನೆಯ ದಿನಗಳನ್ನು ಕಳೆದದ್ದು ಮತ್ತೆ ಆಸ್ಪತ್ರೆಗೆ ಹೋಗದೆ, ತಮ್ಮ ಕೋಣೆಯಲ್ಲೇ.

ಹಾಗೆಂದು ಇಂಜೆಕ್ಷನ್ ಕೊಟ್ಟು ಸಾಯಿಸುವುದನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ. ನೋವು ಕಡಿಮೆ ಮಾಡುವ ಔಷಧ, ಶುಚಿತ್ವ, ದೇಹ ಸ್ವೀಕರಿಸುವವರೆಗೆ ಅನ್ನ ನೀರು, ಪಕ್ಕದಲ್ಲಿ ಒಬ್ಬರು ಕೂರುವುದು, ಇವು ಯಾವತ್ತೂ ನಿಲ್ಲಬಾರದು. ಗುಣವಾಗುವ ನ್ಯುಮೋನಿಯಾಗೆ ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ಅದು ವರ. ಅಂಗಾಂಗಗಳೆಲ್ಲ ಸೋತು, ಚೇತರಿಸಿಕೊಳ್ಳುವ ದಾರಿಯೇ ಇಲ್ಲದಾಗ ಅದೇ ಯಂತ್ರ ಸಾವನ್ನು ಎಳೆಯುತ್ತದೆ ಅಷ್ಟೇ. ಯಂತ್ರ ಒಂದೇ, ರೋಗಿಯ ಸ್ಥಿತಿ ಬೇರೆ.

ಕಾನೂನೂ ಈಗ ದಾರಿ ಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಒಪ್ಪಿತು. 2023ರಲ್ಲಿ ನಿಯಮ ಸರಳವಾಯಿತು: ನಮ್ಮ ಇಚ್ಛೆಯನ್ನು ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಪತ್ರ ಬರೆದಿಡದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆಯ ಮೇಲೆ ಇದು ಸಾಧ್ಯ. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಆ ಸುತ್ತೋಲೆ ಬಳ್ಳಾರಿ, ಬೆಂಗಳೂರಿಗೆ. ಕೋರ್ಟಿನ ತೀರ್ಪು ಆಂಧ್ರದ ನಮಗೂ ಅನ್ವಯಿಸುತ್ತದೆ.

‘ಹೀಗೆ ಹೇಳಿಕೊಟ್ಟರೆ ಮಕ್ಕಳು ಮುದುಕರನ್ನು ಬೇಗ ಕೈಬಿಡುವುದಿಲ್ಲವೇ?’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಆ ಭಯ ಸುಳ್ಳಲ್ಲ. ಆದರೆ ಈಗ ನಡೆಯುತ್ತಿರುವುದೇನು? ನಿರ್ಧಾರ ಮಾಡುವುದು ಜೇಬು, ಇಲ್ಲವೇ ‘ನೆಂಟರು ಏನಂದಾರು’ ಎಂಬ ನಾಚಿಕೆ. ಹಿರಿಯರ ಮಾತಿಗೆ ಬೆಲೆ ಕೊಡುವುದು ಅವರನ್ನು ಕೈಬಿಡುವುದಲ್ಲ. ಅವರನ್ನು ಕೇಳದೇ ಇರುವುದೇ ಕೈಬಿಡುವುದು.

ಅದಕ್ಕೆ ನನ್ನ ಒಂದು ಬೇಡಿಕೆ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ, ಊಟದ ನಂತರ, ಅಜ್ಜ ಅಜ್ಜಿಯ ಪಕ್ಕ ಕುಳಿತು ಕೇಳಿ: “ಗುಣವಾಗುವುದಿಲ್ಲ ಅಂತ ಡಾಕ್ಟರು ಹೇಳಿದರೆ ನಿನಗೆ ಯಂತ್ರ ಬೇಕಾ? ಕೊನೆಗೆ ಎಲ್ಲಿರಬೇಕು ಅನ್ನಿಸುತ್ತೆ? ನಿನ್ನ ಪರವಾಗಿ ಯಾರು ಮಾತಾಡಬೇಕು?” ಬೈದರೆ ಬೈಯಲಿ, ಇನ್ನೊಂದು ದಿನ ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದಿಡಿ. ಡಾಕ್ಟರಿಗೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಹೇಳಲು ಓದಿದ ನಾವಿದ್ದೇವೆ. ಅಭ್ಯಂಗಕ್ಕೆ ಗುರುಗಳನ್ನು ಐಸಿಯು ಬಾಗಿಲಿಗೆ ಕರೆಯುವ ಬದಲು, ಅಜ್ಜಿಗೆ ಬಾಯಿಬಿಟ್ಟು ‘ಆಮೆನ್’ ಅನ್ನಲು ಆಗುವಾಗಲೇ ಮನೆಗೆ ಕರೆಯಿರಿ.

ನಮ್ಮಜ್ಜಿಯನ್ನು ನಾನು ಕೇಳಲಿಲ್ಲ. ಅಪ್ಪನಿಗೆ ಮಾತ್ರ ಈಗ ಉತ್ತರ ಹೇಳಿದ್ದೇನೆ: “ಅದು ಪಾಪ ಅಲ್ಲಪ್ಪ.” ಅವರು ಸುಮ್ಮನೆ ಕೇಳಿಸಿಕೊಂಡರು. ಆ ಮಾತು ಒಂಬತ್ತು ದಿನ ಮುಂಚೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.