ಕರೆಂಟು ಹೋದರೆ ಕಾವೂ ಹೋಯ್ತು!

ನಾಟಿಕೋಳಿಗೆ ಬೆಲೆ ಬಂದಿದ್ದೇ ತಡ, ಮನೆಯಲ್ಲೇ ಮರಿ ಮಾಡಿಸುವ ಥರ್ಮೋಕೋಲ್ ಪೆಟ್ಟಿಗೆಗಳೂ ಮಾರಾಟಕ್ಕೆ ಬಂದಿವೆ. ಬಲ್ಬು ಹಚ್ಚಿ ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿ ಎಂಬುದು ಲೆಕ್ಕ. ಲೆಕ್ಕ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಮೊದಲನೇದು, ಅಂಗಡಿಯ ಫಾರಂ ಮೊಟ್ಟೆಗೆ ಎಷ್ಟು ಶಾಖ ಕೊಟ್ಟರೂ ಮರಿ ಬರೋದಿಲ್ಲ. ಆ ಫಾರಂಗಳಲ್ಲಿ ಹುಂಜವೇ ಇರೋದಿಲ್ಲವಲ್ಲ! ಹುಂಜದ ಜೊತೆ ಓಡಾಡಿದ ಹೇಂಟೆಯ ಮೊಟ್ಟೆಯೇ ಬೇಕು, ಅದೂ ವಾರದೊಳಗಿನದು.

ಎರಡನೇದು, ಶಾಖ ಸುಮಾರು 37.5 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ನಿಲ್ಲಬೇಕು. ಒಳಗೆ ನೀರಿನ ಪಸೆ ಇರಬೇಕು. 18ನೇ ದಿನದವರೆಗೆ ದಿನಕ್ಕೆ ನಾಲ್ಕೈದು ಸಲ ಮೊಟ್ಟೆ ಹೊರಳಿಸಬೇಕು. ರಾತ್ರಿಯೆಲ್ಲ ಕರೆಂಟು ಕೈಕೊಟ್ಟರೆ ಪೆಟ್ಟಿಗೆ ತಣ್ಣಗಾಗುತ್ತೆ, ಹಾಕಿದ ದುಡ್ಡು ತಿಪ್ಪೆಗೆ.

ಇಷ್ಟೂ ಕೆಲಸವನ್ನು ಕಾವಿಗೆ ಕೂತ ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗೆ ಬಿಟ್ಟಿಯಾಗಿ ಮಾಡುತ್ತೆ. ಮರಿ ಬಂದ ಮೇಲೆ ಹದ್ದಿನಿಂದ ಕಾಯೋದೂ ಅದೇ. ಆದರೆ ಮೊಟ್ಟೆ ಕಡಿಮೆ ಎಂದು ಮೂಗು ಮುರಿದವರು ಗಿರಿರಾಜ ತಂದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಈ ತಳಿ ಮೊಟ್ಟೆ, ಮಾಂಸ ಎರಡರಲ್ಲೂ ಮುಂದು. ಆದರೆ ಕಾವಿಗೆ ಕೂರೋ ಜಾತಿಯಲ್ಲ. ಅದರ ಮೊಟ್ಟೆಗೂ ನಾಟಿ ಹೇಂಟೆಯ ಮಡಿಲೇ ಬೇಕು, ಇಲ್ಲವೇ ಯಂತ್ರ.

ಹಿತ್ತಲ ಕೋಳಿ ಎಂದರೆ ಎಷ್ಟೋ ಮನೆಗಳ ಹೆಂಗಸರ ಕೈಗಾಸು. ನಾಟಿ ಹೇಂಟೆ ಹೋದರೆ ಪ್ರತಿ ಮರಿಗೂ ದುಡ್ಡು ಎಣಿಸಿ ಹ್ಯಾಚರಿ ಬಾಗಿಲು ಕಾಯಬೇಕು. ಪೆಟ್ಟಿಗೆ ಕೊಳ್ಳುವವರು ಕೊಳ್ಳಲಿ. ಕಾವು ಕೂರುವ ಎರಡು ಹೇಂಟೆ ಮಾತ್ರ ಹಬ್ಬದ ಸಾರಿಗೆ ಹೋಗದಿರಲಿ.